ಮೂರು ಬೆರಳ ಕ್ಷೌರ

ಹೋದ ವಾರ ಮಟಮಟ ಮಧ್ಯಾಹ್ನದಲ್ಲಿ ನಮ್ಮ ಮನೆ ಬಾಗಿಲಿಗೆ ಕಮಲಾಪುರದ ಒಬ್ಬ ಮನುಷ್ಯ ಬಂದು ನಿಂತ. ನಲವತ್ತು ದಾಟಿದವನು, ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು, ಕೈಚೀಲದಲ್ಲಿ ಆ ಊರಿನ ಕೆಂಪು ಬಾಳೆಹಣ್ಣು. ನನಗೆ ಹಳೆಯ ಗುರುತಿನವನೇ. ಆದರೆ ನನ್ನ ಕಣ್ಣು ಅವನ ಮುಖಕ್ಕಿಂತ ಮೊದಲು ತಲೆಗೆ ಹೋಯಿತು. ಕಿವಿಯ ಮೇಲುಗಡೆ ಮೂರು ಬೆರಳು ಅಗಲ ಕೂದಲನ್ನು ನುಣ್ಣಗೆ ಬೋಳಿಸಿದ್ದರು. ಇಪ್ಪತ್ತೈದು ವರ್ಷ ಕಲಬುರಗಿಯಲ್ಲಿ ಸರ್ಕಾರಿ ದವಾಖಾನೆಯ ಕ್ಯಾಶುವಾಲ್ಟಿಯಲ್ಲಿ ನರ್ಸ್ ಆಗಿ ನಿಂತವಳು ನಾನು. ಆ ಗುರುತಿನ ಅರ್ಥವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ನೋಡುವ ತಾಳ್ಮೆಯೂ ನನಗಿಲ್ಲ, ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ.

“ಮತ್ತ ಕುಡಿಯಾಕ ಸುರು ಹಚ್ಚಿದಿ ಏನೋ? ಮಗಳು ಲಗ್ನಕ್ಕ ಬಂದು ನಿಂತಾಳ, ನಾಚಿಕಿ ಬರಂಗಿಲ್ಲೇನು ನಿನಗ?” ಎಂದು ಶುರು ಮಾಡಿದವಳು ಅವನ ಹೆಂಡತಿಯ ಕಣ್ಣೀರು, ಮಾವನ ಮರ್ಯಾದೆ, ನನ್ನ ಹಳೆಯ ಉಪಕಾರ ಎಲ್ಲವನ್ನೂ ಎಳೆದು ತಂದು ಬೈದೆ. ಅವನು ತಲೆ ತಗ್ಗಿಸಿಕೊಂಡು ಅಷ್ಟನ್ನೂ ಕೇಳಿಸಿಕೊಂಡ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮೆಲ್ಲಗೆ ಅಂದ.

“ಕಾಕಾ ಹೋದ್ರಿ ಸಿಸ್ಟರ್. ಸೋಮಾರ ಮುಂಜಾನಿ.”

ಒಳಗೆ ಬಾ ಎನ್ನಲೂ ತೋಚದೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ.

ಕಾಕಾ ಅಂದರೆ ನಮ್ಮ ಕ್ಯಾಶುವಾಲ್ಟಿಯ ಡ್ರೆಸ್ಸರ್. ಗಾಯ ತೊಳೆಯುವುದು, ಔಷಧಿ ಹಚ್ಚುವುದು, ಪಟ್ಟಿ ಕಟ್ಟುವುದು ಕಾಗದದ ಮೇಲಿನ ಕೆಲಸ. ಹೊಲಿಗೆ ಹಾಕುವುದು ಡಾಕ್ಟರರ ಕೆಲಸವಾದರೂ ಹೊಸ ಡಾಕ್ಟರರೆಲ್ಲ ಅದನ್ನು ಕಲಿತದ್ದು ಇವರ ಕೈ ನೋಡಿ. ಕಮಲಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ದೊಡ್ಡ ಡಾಕ್ಟರರಿಂದ ಹಿಡಿದು ಕಸ ಹೊಡೆಯುವ ಹೆಂಗಸಿನವರೆಗೆ ಎಲ್ಲರಿಗೂ ಅವರು ಕಾಕಾ. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಯಾರಾದರೂ ಆ ಹೆಸರು ಹಿಡಿದು ಕರೆದರೆ ಕಾಕಾ ಓಗೊಡುತ್ತಿರಲಿಲ್ಲ. ಪಗಾರದ ದಿನ ಒಮ್ಮೆ ಕರೆದರೆ ಸಾಕು ಎನ್ನುತ್ತಿದ್ದರು. ಹಾಗಾಗಿ ನಾನೂ ಇಲ್ಲಿ ಬರೆಯುವುದಿಲ್ಲ.

ಕುಡಿದು ಬೀಳುವವರೆಲ್ಲ ರಾತ್ರಿಯೇ ಬೀಳುತ್ತಾರೆಂದು ತಿಳಿದವರು ಕ್ಯಾಶುವಾಲ್ಟಿ ನೋಡಿದವರಲ್ಲ. ನಮ್ಮದು ಹಗಲು ಪಾಳಿ. ಮುಂಜಾನೆ ಒಂಬತ್ತಕ್ಕೇ ಬೆಂಚಿನ ಮೇಲೆ ಸಾಲಾಗಿ ಕುಳಿತಿರುತ್ತಿದ್ದರು, ಒಬ್ಬನ ಹಣೆಗೆ ಲುಂಗಿಯ ಚೂರು, ಇನ್ನೊಬ್ಬನ ಮೊಣಕೈಗೆ ಹೆಂಡತಿಯ ಕುಪ್ಪಸದ ತೋಳು. ಆಗ ಊರ ತುಂಬ ಈಚಲ ಹೆಂಡ ಮಾರುವ ಸೇಂದಿ ಅಂಗಡಿಗಳಿದ್ದವು, ಸರಾಯಿ ಪಾಕೀಟಿನಲ್ಲಿ ಬರುತ್ತಿತ್ತು. ನಂದೂರಿನ ಬೇಳೆ ಮಿಲ್ಲುಗಳ ಬಟವಾಡೆಯ ಮರುದಿನವಂತೂ ಹತ್ತಿ, ಬ್ಯಾಂಡೇಜು, ಟಿಂಚರು ಎಲ್ಲವನ್ನೂ ಮೊದಲೇ ತಂದಿಟ್ಟುಕೊಂಡು ಮದುವೆ ಮನೆಯವರಂತೆ ಕಾಯುತ್ತಿದ್ದೆವು.

ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಒಂದು ಆಟೋದಲ್ಲಿ ಇಬ್ಬರು ಗೆಳೆಯರು ಬಂದರು. ಇಬ್ಬರ ತಲೆಗೂ ಸೇರಿಸಿ ಒಂದೇ ಟವೆಲ್ಲು ಸುತ್ತಿದ್ದರಿಂದ ಇಬ್ಬರೂ ಒಟ್ಟಿಗೇ ಇಳಿಯಬೇಕಾಯಿತು. ಜಗಳ ಯಾತಕ್ಕೆ ಎಂದು ಕೇಳಿದರೆ, ಇವನಿಗೆ ಅವನ ಮೇಲೆ ಪ್ರೀತಿ ಜಾಸ್ತಿಯೋ ಅವನಿಗೆ ಇವನ ಮೇಲೆ ಜಾಸ್ತಿಯೋ ಎಂಬ ಮಾತು ಬಂದು ಬಾಟಲಿ ಎತ್ತಿದ್ದರಂತೆ. ಕಾಕಾ ಇಬ್ಬರನ್ನೂ ಎದುರಾಬದರು ಕೂಡಿಸಿದರು. ಇವನಿಗೊಂದು ಹೊಲಿಗೆ, ಅವನಿಗೊಂದು ಹೊಲಿಗೆ, ಮತ್ತೆ ಇವನಿಗೊಂದು. ಕೊನೆಗೆ ಒಬ್ಬನಿಗೆ ಆರಾದವು, ಇನ್ನೊಬ್ಬನಿಗೆ ಐದೇ. ಐದಾದವನು ತನಗೂ ಆರು ಹಾಕಬೇಕೆಂದು ಹಟ ಹಿಡಿದು ಅಳತೊಡಗಿದ. ನಾನು ನಗು ತಡೆಯಲಾರದೆ ಔಷಧಿ ಕೋಣೆಗೆ ಓಡಿದೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಹೊರಗೆ ಬಂದು ನೋಡಿದರೆ ಕಾಕಾನ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ.

ಬೀಳುವುದರ ಬಗ್ಗೆ ಅವರದೇ ಒಂದು ಶಾಸ್ತ್ರವಿತ್ತು. ಸೇಂದಿ ಕುಡಿದವನು ಹಿಂದಕ್ಕೆ ಬೀಳುತ್ತಾನೆ, ಗಾಯ ಹಿಂದಲೆಗೆ. ಸರಾಯಿ ಕುಡಿದವನು ಮುಂದಕ್ಕೆ ಬೀಳುತ್ತಾನೆ, ಗಾಯ ಹಣೆಗೆ, ಮೂಗಿಗೆ, ಹಲ್ಲಿಗೆ. ಎರಡೂ ಕುಡಿದವನು ಗಟಾರಕ್ಕೆ ಬೀಳುತ್ತಾನೆ, ಅವನನ್ನು ಮೊದಲು ತೊಳೆಯಬೇಕು, ಆಮೇಲೆ ಗಾಯ ಹುಡುಕಬೇಕು. ಹೊಸ ಡಾಕ್ಟರರಿಗೆ ಇದನ್ನು ಗಂಭೀರವಾಗಿ ಹೇಳುತ್ತಿದ್ದರು. ಒಬ್ಬ ಡಾಕ್ಟರ್ ಬರೆದುಕೊಂಡದ್ದನ್ನೂ ನಾನು ನೋಡಿದ್ದೇನೆ.

ಬಂದವರು ಯಾರೂ ಕುಡಿದಿದ್ದೇನೆ ಎನ್ನುತ್ತಿರಲಿಲ್ಲ. ಎತ್ತು ಹಾಯ್ದಿತು, ಬಚ್ಚಲಲ್ಲಿ ಜಾರಿತು, ಹೊಸ್ತಿಲು ತಾಗಿತು, ಈ ಮೂರರಲ್ಲಿ ಒಂದು. ಹೊಸ್ತಿಲು ತಾಗಿತು ಎಂದವನಿಗೆ ಕಾಕಾ, “ಹೊಸ್ತಿಲಾ ಎಷ್ಟ್ ಪಾಕೀಟ ಕುಡದಿತ್ತೋ?” ಎಂದು ಕೇಳುತ್ತಿದ್ದರು. ಆಮೇಲೆ ಅವನ ಬಾಯಿಯ ಹತ್ತಿರ ಮೂಗು ತಂದು ಹಾ ಅನ್ನು ಎನ್ನುತ್ತಿದ್ದರು. ಒಮ್ಮೆ ಮೂಸಿದರೆ ಮುಗಿಯಿತು, ತೀರ್ಪಾದ ಹಾಗೆ.

ಇನ್ನೊಂದು ರೂಢಿ ಅವರದು. ಗಾಯಕ್ಕೆ ‘ರೀ’ ಹಚ್ಚಿ ಮಾತಾಡುತ್ತಿದ್ದರು, ಗಾಯ ಮಾಡಿಕೊಂಡವನಿಗೆ ಮಾತ್ರ ಏಕವಚನ. ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿ, ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ದಾರ ಪೋಣಿಸುತ್ತ, ಗಾಯದ ಹತ್ತಿರ ಬಾಗಿ, ಯಾಕ್ರಿ ಇಂಥವನ ಹಣಿ ಮ್ಯಾಲ ಬಂದ್ರಿ, ಒಳ್ಳೆಯವರ ಮನಿ ಸಿಗಲಿಲ್ಲೇನು ಎಂದು ವಿಚಾರಿಸುವರು. ಕುಡಿದವನು ಗಾಯದ ಪರವಾಗಿ ಉತ್ತರ ಕೊಡಲು ಹೋದರೆ, ನಿನಗಲ್ಲ ಸುಮ್ ಕೂಡು ಎಂದು ಗದರಿಸುವರು.

ಇಷ್ಟೇ ಆಗಿದ್ದರೆ ಕಾಕಾ ಒಬ್ಬ ತಮಾಷೆಯ ಮನುಷ್ಯ ಆಗಿಬಿಡುತ್ತಿದ್ದರು. ಊರೂರಿಗೆ ಅವರ ಹೆಸರು ಹಬ್ಬಿದ್ದು ಮೂರು ಬೆರಳ ಕ್ಷೌರದಿಂದ.

ಕುಡಿದು ಬಂದವನ ಗಾಯ ಎಲ್ಲೇ ಇರಲಿ, ಹುಬ್ಬಿನ ಮೇಲಿರಲಿ ಹಿಮ್ಮಡಿಯಲ್ಲಿರಲಿ, ಪಟ್ಟಿ ಕಟ್ಟಿ ಮುಗಿಸಿದ ಮೇಲೆ ಕಾಕಾ ಕತ್ತಿ ತೆಗೆದು ಅವನ ಎಡಗಿವಿಯ ಮೇಲೆ ತಮ್ಮ ಮೂರು ಬೆರಳಿಟ್ಟು ಅಷ್ಟಗಲ ಬೋಳಿಸಿ ಕಳಿಸುತ್ತಿದ್ದರು. ಯಾವಾಗಲೂ ಎಡಗಿವಿ. ಕೇಳಿದವರಿಗೆ, ಇಂಜೆಕ್ಷನ್ನಿನ ಕಾವು ಹೊರಗೆ ಹೋಗಲು ದಾರಿ ಬೇಕು ಎನ್ನುತ್ತಿದ್ದರು. ಕುಡಿದವನಿಗೆ ಅದೂ ನಿಜವೆಂದೇ ಕಾಣುತ್ತಿತ್ತು. ಮರುದಿನ ಅಮಲಿಳಿದು ಕನ್ನಡಿ ನೋಡಿಕೊಂಡಾಗ ಗೊತ್ತಾಗುವುದು. ಅಷ್ಟರಲ್ಲಿ ಓಣಿಯವರೆಲ್ಲ ನೋಡಿ ಆಗಿರುತ್ತಿತ್ತು. ಕೂದಲು ಬೆಳೆಯಲು ಒಂದು ತಿಂಗಳಾದರೂ ಬೇಕು. ಆ ಒಂದು ತಿಂಗಳು ಮನುಷ್ಯ ಎಲ್ಲಿ ಹೋದರೂ ಕಾಕಾನ ಹತ್ತಿರ ಹೋಗಿ ಬಂದಿಯೇನು ಎಂಬ ಮಾತು ತಪ್ಪುತ್ತಿರಲಿಲ್ಲ. ಕಲಬುರಗಿಯಿಂದ ಕಮಲಾಪುರದವರೆಗೆ ಬಸ್ಸಿನಲ್ಲಿ ಕುಳಿತವರು ಎದುರಿನವನ ಎಡಗಿವಿ ನೋಡಿಯೇ ಪಕ್ಕದಲ್ಲಿ ಕೂಡುವುದೋ ಬಿಡುವುದೋ ಎಂದು ಠರಾಯಿಸುತ್ತಿದ್ದರು.

ಹೆಂಗಸರಿಗೆ ಇದು ಬಲು ಹಿಡಿಸಿತ್ತು. ಒಬ್ಬಳು ಗಂಡನನ್ನು ಕರೆತಂದು, ಗಾಯದ ಮಾತು ಬಿಟ್ಟು, ಈ ಸಲ ನಾಲ್ಕು ಬೆರಳು ಮಾಡಿರಿ ಎಂದು ಕೇಳಿಕೊಂಡಳು. ನಾನು ಮಾತ್ರ ಕಾಕಾನ ಜೊತೆ ಜಗಳಾಡುತ್ತಿದ್ದೆ. ನಮ್ಮದು ಔಷಧಿ ಹಚ್ಚುವ ಕೆಲಸ, ಮುದ್ರೆ ಒತ್ತುವ ಕೆಲಸವಲ್ಲ, ಇದು ತಪ್ಪು, ಒಂದು ದಿನ ನಿಮ್ಮ ಕೈಗೆ ತಪ್ಪು ತಲೆ ಸಿಗುತ್ತದೆ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದೆ. ಕಾಕಾ ತಮ್ಮ ಮೂಗನ್ನು ತಟ್ಟಿಕೊಂಡು, ಇದು ಇಂದಿನ ತನಕ ತಪ್ಪಿಲ್ಲ ತಂಗಿ ಎಂದರು.

ಅವರ ಸ್ವಂತ ತಲೆಯನ್ನು ಮಾತ್ರ ನಾವು ಯಾರೂ ನೋಡಿರಲಿಲ್ಲ. ಕಲಬುರಗಿಯ ಬಿಸಿಲಿಗೆ ತಲೆ ಮುಚ್ಚಿಕೊಳ್ಳದವರು ಯಾರು? ಆದರೆ ಕಾಕಾ ಕೋಣೆಯ ಒಳಗೆ, ಫ್ಯಾನಿನ ಕೆಳಗೆ, ಊಟಕ್ಕೆ ಕುಳಿತಾಗಲೂ ಬಿಳಿ ಟೊಪ್ಪಿಗೆ ತೆಗೆಯುತ್ತಿರಲಿಲ್ಲ. ಒಳಗೆ ಬೀಡಿ ಬಚ್ಚಿಡುತ್ತಾರೆ ಎಂದು ಕೆಲವರು, ಬೊಕ್ಕತಲೆ ಎಂದು ಕೆಲವರು. ನರ್ಸುಗಳಲ್ಲಿ ಒಬ್ಬ ತುಂಟಿ ಒಮ್ಮೆ ಹಿಂದಿನಿಂದ ಹೋಗಿ ಟೊಪ್ಪಿಗೆ ಎಳೆಯಲು ನೋಡಿದಳು. ಕಾಕಾ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು ಎದ್ದು ಹೊರಗೆ ಹೋದರು, ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಆ ತುಂಟಿ ನಾನೇ.

ತಪ್ಪು ತಲೆ ಸಿಕ್ಕದ್ದು ಒಂದು ಬೇಸಿಗೆಯ ಮಧ್ಯಾಹ್ನ. ಕಮಲಾಪುರದಿಂದ ಜೀಪಿನಲ್ಲಿ ಒಬ್ಬ ಯುವಕನನ್ನು ತಂದರು. ಇಪ್ಪತ್ತೆರಡು ವರ್ಷದವನು, ಹಿಂದಲೆ ಒಡೆದಿತ್ತು, ನಡೆದರೆ ತೂರಾಡುತ್ತಿದ್ದ, ನಾಲಗೆ ತೊದಲುತ್ತಿತ್ತು. ಮೈಯೆಲ್ಲ ಸರಾಯಿ ನಾತ. ಬಾಳೆ ತೋಟದಲ್ಲಿ ಗೊನೆ ಹೊತ್ತು ಬರುವಾಗ ಜಾರಿ ಬಾವಿಯ ಕಲ್ಲಿಗೆ ತಲೆ ಹೊಡೆಯಿತು ಎಂದು ಜೊತೆಗಿದ್ದವರು ಹೇಳಿದರು. ಕಾಕಾ, ಗೊನೆ ಎಷ್ಟು ಪಾಕೀಟು ಕುಡಿದಿತ್ತು ಎಂದು ಕೇಳಿ, ಅವನ ಬಾಯಿ ಮೂಸಿದರು. ಬಾಯಲ್ಲೂ ಸರಾಯಿ. ಡಾಕ್ಟರರು ನೋಡಿ ಎಲುಬಿಗೆ ಏಟಾಗಿಲ್ಲ ಎಂದರು. ಏಳು ಹೊಲಿಗೆ, ಒಂದು ಇಂಜೆಕ್ಷನ್ನು, ಎಡಗಿವಿಯ ಮೇಲೆ ಮೂರು ಬೆರಳು. ಆ ಯುವಕ ಏನೋ ಹೇಳಲು ಬಾಯಿ ತೆರೆದ, ನಾಲಗೆ ಹೊರಳಲಿಲ್ಲ.

ಮರುದಿನ ಅವನ ಸೋದರಮಾವ ಪಟ್ಟಿ ನೋಡಲು ಬಂದ. ಮಾತಿನ ಭರದಲ್ಲಿ ತನ್ನ ಜಾಣತನ ತಾನೇ ಹೊಗಳಿಕೊಂಡ. ಗಾಯ ಕೊಳೆಯಬಾರದೆಂದು ತಾನು ಒಂದು ಪಾಕೀಟು ಸರಾಯಿ ತಲೆಯ ಮೇಲೆ ಸುರಿದನಂತೆ, ನೋವು ತಿಳಿಯಬಾರದೆಂದು ಇನ್ನೊಂದು ಪಾಕೀಟನ್ನು ಹುಡುಗನ ಬಾಯಿ ಬಿಡಿಸಿ ಹಾಕಿದನಂತೆ. ಹುಟ್ಟಿದಾಗಿನಿಂದ ಅದನ್ನು ಮುಟ್ಟದ ಹುಡುಗ ಕೆಮ್ಮಿ ನಾಲಗೆ ಕಚ್ಚಿಕೊಂಡು ಉಗಿದನಂತೆ. ಚಲೋ ಮಾಡಿದೆನಲ್ಲ ಎಂದು ಆ ಪುಣ್ಯಾತ್ಮ ನಮ್ಮ ಮುಖ ನೋಡಿದ.

ಕಾಕಾ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟರು. “ಸರಾಯಿ ವಾಸನಿ, ಗಾಯ ಹಿಂದಲಿಗೆ,” ಎಂದು ತಮಗೆ ತಾವೇ ಅಂದುಕೊಂಡರು. “ನಾ ಅಲ್ಲೇ ತಿಳ್ಕೋಬೇಕಿತ್ತು.”

ನನಗೆ ಹೇಳಿದ್ದೆನಲ್ಲ ಎನ್ನುವ ಆಸೆ ತುಟಿಯವರೆಗೆ ಬಂದಿತ್ತು. ಆದರೆ ಅದೇ ಹೊತ್ತಿಗೆ ಹುಡುಗನ ತಾಯಿ ಒಳಗೆ ಬಂದಳು. ವಿಧವೆ, ಒಬ್ಬನೇ ಮಗ. ಕುಸನೂರಿನ ಹುಡುಗಿಯ ಜೊತೆ ಅವನ ಮದುವೆ ಮಾತಾಗಿತ್ತು. ಒಂಬತ್ತನೆಯ ದಿನ ಹೆಣ್ಣಿನವರು ನಿಶ್ಚಯಕ್ಕೆ ಕಮಲಾಪುರಕ್ಕೆ ಬರುವವರು. ಹೆಣ್ಣಿನ ತಂದೆಗೆ ಕುಡಿತ ಅಂದರೆ ಆಗದು. ಹಿರಿಯ ಅಳಿಯ ಕುಡುಕ. ಅವನನ್ನು ಎರಡು ಸಲ ನಮ್ಮ ಕ್ಯಾಶುವಾಲ್ಟಿಗೆ ಹೊತ್ತು ತಂದವರು ಈ ತಂದೆಯೇ. ಅವನ ಎಡಗಿವಿಯ ಮೇಲೆ ಕಾಕಾನ ಮೂರು ಬೆರಳು ಬಿದ್ದದ್ದನ್ನು ಪಕ್ಕದಲ್ಲೇ ನಿಂತು ನೋಡಿದವರು. ಆ ಗುರುತು ಕಂಡರೆ ಅವರು ಕಿರಿಯ ಮಗಳನ್ನು ಈ ಮನೆಗೆ ಕೊಡುವ ಮಾತೇ ಇರಲಿಲ್ಲ.

ಆ ತಾಯಿ ಅಳಲಿಲ್ಲ, ಕೂಗಾಡಲಿಲ್ಲ. ಕಾಕಾನ ಎದುರು ಸ್ಟೂಲಿನ ಮೇಲೆ ಕುಳಿತು, “ನನ್ನ ಮಗನ ತಲಿ ಮ್ಯಾಲ ನೀವು ಬರದಿದ್ದು ನೀವೇ ಅಳಿಸಿಕೊಡ್ರಿ” ಎಂದಳು.

ಕಾಕಾ ಅಂದು ಊಟ ಮಾಡಲಿಲ್ಲ.

ಇದ್ದದ್ದನ್ನು ಇದ್ದಂತೆ ಹೇಳಿಬಿಡೋಣ ಎಂದು ನಾನು ಅಂದೆ. ಏನೆಂದು ಹೇಳುವುದು? ಹುಡುಗ ಕುಡಿಯಲಿಲ್ಲ, ಸೋದರಮಾವನೇ ಬಾಯಿಗೆ ಸುರಿದ ಎಂದೇ? ನಾವು ದಿನಾ ಕೇಳುವ ಸುಳ್ಳುಗಳಲ್ಲೂ ಇಷ್ಟು ಬಡಕಲು ಸುಳ್ಳು ಇರಲಿಲ್ಲ. ಹೊಸ್ತಿಲು ತಾಗಿತು ಎಂಬುದನ್ನಾದರೂ ನಂಬಬಹುದು. ತಲೆ ಪೂರ್ತಿ ಬೋಳಿಸೋಣವೆಂದರೆ ನಿಶ್ಚಯದ ದಿನ ಬೋಳುತಲೆ ಅಪಶಕುನ. ಕಾಕಾ ಎರಡು ದಿನ ಹುಡುಗನ ಕಿವಿಯ ಮೇಲೆ ಹರಳೆಣ್ಣೆ ತಿಕ್ಕಿಸಿ ನೋಡಿದರು. ಕೂದಲು ಅವರ ಮಾತು ಕೇಳಲಿಲ್ಲ. ಕಾಡಿಗೆ ಹಚ್ಚಿ ನೋಡಿದೆವು, ಬೆವರಿಗೆ ಕೆನ್ನೆಯ ಮೇಲೆ ಇಳಿಯಿತು. ಕೊನೆಗೆ ಕಾಕಾನೇ ಉಪಾಯ ಹೇಳಿದರು. ತಲೆಗೆ ಜರಿ ರುಮಾಲು ಸುತ್ತಿಬಿಡುವುದು. ಪಟ್ಟಿಯೂ ಮುಚ್ಚುತ್ತದೆ, ಎಡಗಿವಿಯೂ ಮುಚ್ಚುತ್ತದೆ, ಮದುಮಗನ ಠೀವಿಯೂ ಬರುತ್ತದೆ. ನಾವೆಲ್ಲ ಭಲೇ ಎಂದೆವು.

ನಿಶ್ಚಯಕ್ಕೆ ಕಾಕಾ ನನ್ನನ್ನೂ ಕರೆದೊಯ್ದರು. ಏನಾದರೂ ಎಡವಟ್ಟಾದರೆ ಬಿಳಿ ಸೀರೆಯ ಸಿಸ್ಟರ್ ಹೇಳಿದರೆ ಜನ ನಂಬುತ್ತಾರೆ ಎಂಬುದು ಅವರ ಲೆಕ್ಕ. ಬಸ್ಸಿನಲ್ಲಿ ಕಮಲಾಪುರದವರೆಗೆ ನನಗೆ ಪಾಠ ಹೇಳಿಕೊಟ್ಟರು. ನಾನೂ ಬಾಯಿಪಾಠ ಮಾಡಿದೆ. ಆ ಮನೆಯಲ್ಲಿ ನನ್ನನ್ನು ಯಾರೂ ಒಂದು ಮಾತೂ ಕೇಳಲಿಲ್ಲ, ಹೋಳಿಗೆ ಬೇಕೇ ಎಂಬುದನ್ನು ಬಿಟ್ಟು.

ಹುಡುಗ ರುಮಾಲು ಸುತ್ತಿಕೊಂಡು ಗಾದಿಯ ಮೇಲೆ ಕುಳಿತಿದ್ದ, ಚೆಂದ ಕಾಣುತ್ತಿದ್ದ. ಹೆಣ್ಣಿನ ತಂದೆ ಎತ್ತರದ ಆಳು, ಹಣೆಯ ತುಂಬ ವಿಭೂತಿ, ಕಡಿಮೆ ಮಾತು. ಹಿರಿಯರು ಮಾತಾಡಿದರು, ಸಕ್ಕರೆ ಹಂಚಿದರು, ಹುಡುಗಿಗೆ ಸೀರೆ ಉಡಿಸಿ ಕರೆತಂದರು. ಕಾಕಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ಗೆದ್ದೆವು ಎಂಬಂತೆ. ಆಗ ಹೆಣ್ಣಿನ ತಂದೆ ತಾಟಿನಲ್ಲಿದ್ದ ಹೊಸ ಟೊಪ್ಪಿಗೆ, ಟವೆಲ್ಲು ಎತ್ತಿಕೊಂಡು ಎದ್ದರು.

ನಮ್ಮ ಕಡೆ ಹುಟ್ಟಿದ ಯಾವ ಕೂಸಿಗಾದರೂ ಗೊತ್ತಿರುವ ಮಾತು. ಬೀಗರ, ಅಳಿಯಂದಿರ ತಲೆಗೆ ಟೊಪ್ಪಿಗೆ ಇಟ್ಟು, ಹೆಗಲಿಗೆ ಟವೆಲ್ಲು ಹಾಕದೆ ಯಾವ ಕಾರ್ಯವೂ ಮುಗಿಯುವುದಿಲ್ಲ. ಟೊಪ್ಪಿಗೆ ಇಡಬೇಕಾದರೆ ರುಮಾಲು ತೆಗೆಯಬೇಕು. ಒಂಬತ್ತು ದಿನ ತಲೆ ಕೆಡಿಸಿಕೊಂಡ ನಮ್ಮಲ್ಲಿ, ಆ ಸೋದರಮಾವನೂ ಸೇರಿ, ಒಬ್ಬರಿಗಾದರೂ ಇದು ಹೊಳೆದಿರಲಿಲ್ಲ.

ಹೆಣ್ಣಿನ ತಂದೆಯೇ ನಗುತ್ತ ರುಮಾಲು ಬಿಚ್ಚಿದರು. ಹಿಂದಲೆಯ ಪಟ್ಟಿ ನೋಡಿದರು. ಎಡಗಿವಿಯ ಮೇಲೆ ನೋಡಿದರು. ನಗು ಹಾಗೇ ನಿಂತಿತು. ಟೊಪ್ಪಿಗೆಯನ್ನು ತಾಟಿಗೆ ವಾಪಸು ಇಟ್ಟು, ಮಗಳ ಕಡೆ ತಿರುಗಿ ಏಳವ್ವಾ ಎಂದರು. ಹುಡುಗಿ ಎದ್ದಳು. ಹುಡುಗನ ತಾಯಿ ಕಾಕಾನನ್ನು ನೋಡಿದಳು. ನನ್ನ ಬಾಯಿಪಾಠ ಎಲ್ಲಿ ಹೋಯಿತೋ ಗೊತ್ತಿಲ್ಲ.

ಕಾಕಾ ಜಮಖಾನೆಯ ನಡುವೆ ಬಂದು ನಿಂತರು. ಎರಡೂ ಕೈಯಿಂದ ತಮ್ಮ ಟೊಪ್ಪಿಗೆ ತೆಗೆದರು.

ಎಡಗಿವಿಯ ಮೇಲೆ, ಮೂರು ಬೆರಳಿಗಿಂತಲೂ ಅಗಲಕ್ಕೆ, ಒಂದು ಕೂದಲಿಲ್ಲದ ಸುಕ್ಕುಗಟ್ಟಿದ ಕಲೆ. ಕೆಟ್ಟು ಕೊಳೆತು ಮಾಗಿದ ಗಾಯದ ಕಲೆ. ಅವರ ಸ್ವಂತ ಊರಿನಲ್ಲೇ, ಅರ್ಧ ಊರು ಕುಳಿತ ಕಡೆ, ಅದನ್ನು ಅತ್ತಿತ್ತ ತಿರುಗಿಸಿ ಎಲ್ಲರಿಗೂ ತೋರಿಸಿದರು.

“ಇದು ಕುಡುಕನ ತಲಿ, ನೋಡ್ಕೋರಿ,” ಎಂದರು. “ಹನ್ನೆರಡು ವರ್ಷ ಕುಡದೀನಿ. ಬಸ್ಸಿನ ಟಾಪ್ ಮ್ಯಾಲಿಂದ ಬಿದ್ದಾಗ ಅದೇ ದವಾಖಾನಿಯಾಗ ನನಗ ಹೊಲಿಗಿ ಹಾಕಿ ಇಲ್ಲೇ ಬೋಳಿಸಿದ್ರು. ಪಟ್ಟಿ ಕಟಗೊಂಡೇ ಸೀದಾ ಅಂಗಡಿಗೆ ಹೋದೆ, ಗಾಯ ಕೊಳೀತು, ಕೂದಲಾ ತಿರುಗಿ ಬರಲಿಲ್ಲ. ಆಮ್ಯಾಲ ಅಲ್ಲೇ ಕಸ ಹೊಡದು ಡ್ರೆಸ್ಸರ್ ಆದೆ. ಸರಾಯಿ ವಾಸನಿ ನನಗ ಯಾರೂ ಕಲಿಸಬೇಕಾಗಿಲ್ಲ. ಆದ್ರ ಆ ದಿನ ನಾ ತಪ್ಪಿದೆ. ಈ ಹುಡುಗ ಕುಡದಿಲ್ಲ.”

ಕಾಕಾ ತಮ್ಮ ಬಲಗಿವಿಯ ಮೇಲೆ ಮೂರು ಬೆರಳಿಟ್ಟು ತೋರಿಸಿದರು.

“ಇವನ ಜಿಮ್ಮೇದಾರಿ ನಂದು. ಇವ ಎಂದಾದ್ರೂ ಕುಡದು ಬಂದ್ರ, ನನಗ ಎಡಕ್ಕ ಜಾಗಾ ಇಲ್ಲ, ಬಲಕ್ಕ ಬೋಳಿಸಿಕೊಂಡು ಟೊಪ್ಪಿಗಿ ಇಲ್ದ ತಿರುಗ್ತೀನಿ.”

ಹೆಣ್ಣಿನ ತಂದೆ ಬಹಳ ಹೊತ್ತು ಆ ಕಲೆಯನ್ನೇ ನೋಡಿದರು. ಆಮೇಲೆ ತಾಟಿನ ಟೊಪ್ಪಿಗೆ ಎತ್ತಿಕೊಂಡು ಹುಡುಗನ ತಲೆಯ ಮೇಲೆ, ಪಟ್ಟಿಗೆ ನೋವಾಗದಂತೆ ಇಟ್ಟರು. “ಟೊಪ್ಪಿಗಿ ಇವನ ತಲಿ ಮ್ಯಾಲ ಇಟ್ಟೀನಿ,” ಎಂದರು. “ಆದ್ರ ಮಗಳನ್ನ ನಿಮ್ಮ ಮಾತಿನ ಮ್ಯಾಲ ಕೊಡಾಕತ್ತೀನಿ, ನೆನಪಿರಲಿ.”

ಮರಳಿ ಬರುವಾಗ, ನನ್ನನ್ನು ಕಲಬುರಗಿಗೆ ಮುಟ್ಟಿಸಲೆಂದು ಬಸ್ಸು ಹತ್ತಿದ ಕಾಕಾ ಕಿಟಕಿಯ ಹತ್ತಿರ ಕುಳಿತರು. ಟೊಪ್ಪಿಗೆಯಂತೂ ಮತ್ತೆ ತಲೆಗೇರಿತ್ತು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಊರ ಮುಂದೆ ಬಿಚ್ಚಿದ ಮನುಷ್ಯನಿಗೆ ಏನು ಹೇಳುವುದು? ನಾನು ಕಟ್ಟಿಸಿಕೊಂಡು ಬಂದ ಹೋಳಿಗೆ ಬಿಚ್ಚಿ ಕೊಟ್ಟೆ. ತಿಂದರು.

ಆಮೇಲೆ ಮೂರು ಬೆರಳ ಕ್ಷೌರ ನಿಂತಿತು. ಕತ್ತಿ ಮೊಂಡಾಗಿದೆ ಎಂದು ಕಾಕಾ ನೆಪ ಹೇಳಿದರು. ಸುದ್ದಿ ದವಾಖಾನೆಗೂ ಬಂದು ಮುಟ್ಟಿತ್ತು. ಕುಡುಕರಿಗೆ ಸಲಿಗೆ ಬಂತು. ನೀವೂ ನಮ್ಮವರೇ ಅಲ್ಲೇನ್ರಿ ಕಾಕಾ ಎಂದು ಒಬ್ಬ ಹೆಗಲ ಮೇಲೆ ಕೈ ಹಾಕಿದ. ಕಾಕಾ ಆ ಕೈಯನ್ನು ಅಲ್ಲೇ ಹಿಡಿದು, ಗೆಳೆತನದಲ್ಲಿ ನೋವು ತಿಳಿಯಂಗಿಲ್ಲ ಅಲ್ಲೇನು ಎನ್ನುತ್ತ ಅದಕ್ಕೇ ಇಂಜೆಕ್ಷನ್ ಚುಚ್ಚಿಸಿದರು. ಚುಚ್ಚಿದವಳು ನಾನು, ಸ್ವಲ್ಪ ಜೋರಾಗಿಯೇ.

ಮದುವೆಯಾಗಿ ಐದಾರು ವರ್ಷ ಆಗಿರಬಹುದು. ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆಂದವಿತ್ತು ಎಂದು ನಾನು ಇಂದಿಗೂ ಹಳಹಳಿಸುತ್ತೇನೆ. ಒಂದು ಮುಂಜಾನೆ ಹತ್ತರ ಹೊತ್ತಿಗೆ ಒಬ್ಬ ಹೆಂಗಸು ಕಂಕುಳಲ್ಲಿ ಕೂಸು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಗಂಡನ ತೋಳು ಹಿಡಿದು ಕ್ಯಾಶುವಾಲ್ಟಿಗೆ ಬಂದಳು. ಹಣೆ ಒಡೆದು ಮೂಗಿನ ತುದಿಯವರೆಗೆ ರಕ್ತ. ಮುಂದಕ್ಕೆ ಬಿದ್ದವನು. ಅದೇ ಹುಡುಗ.

ಕಾಕಾ ನೋಡಿದರು. ಹಾ ಅನ್ನು ಎನ್ನಲಿಲ್ಲ. ಬೇಕಾಗಿರಲಿಲ್ಲ, ನಾತ ಬಾಗಿಲಿನಿಂದಲೇ ಬರುತ್ತಿತ್ತು. ಹೊಸ್ತಿಲು ತಾಗಿತು ಎಂದು ಅವನು ತೊದಲಿದ. ನಾನು ಬೈಯಲು ಬಾಯಿ ತೆರೆದೆ, ಕಾಕಾ ಕೈ ಎತ್ತಿ ತಡೆದರು. ಸೂಜಿಗೆ ದಾರ ಪೋಣಿಸಿದರು. ಅಂದು ಗಾಯದ ಜೊತೆ ಮಾತಾಡಲಿಲ್ಲ. ಅವನಿಗೇ ‘ರೀ’ ಹಚ್ಚಿ, ಸ್ವಲ್ಪ ತಲಿ ಎತ್ರಿ, ಅಲುಗಬ್ಯಾಡ್ರಿ, ಆತು ನೋಡ್ರಿ ಎಂದರು. ಕುಡಿದವನಿಗೆ ಅವರು ‘ರೀ’ ಹಚ್ಚಿದ್ದನ್ನು ನಾನು ಕೇಳಿದ್ದು ಅಂದೇ ಮೊದಲು. ಕುಡಿದ ಅಮಲಿನಲ್ಲೂ ಅವನಿಗೆ ತಿಳಿಯಿತು ಅನಿಸುತ್ತದೆ, ತಲೆ ಎತ್ತಲಿಲ್ಲ.

ಮರುದಿನ ಕಾಕಾ ಕಮಲಾಪುರದ ಬಸ್ಸಿನಿಂದ ಬರಿತಲೆಯಲ್ಲಿ ಇಳಿದರು. ಎಡಕ್ಕೆ ಹಳೆಯ ಕಲೆ, ಬಲಗಿವಿಯ ಮೇಲೆ ಹೊಸದಾಗಿ ಮೂರು ಬೆರಳು. ಚಹಾ ಅಂಗಡಿಯವರು ನಕ್ಕರು, ಹೊಸ ಡಾಕ್ಟರರು ಕಿಸಕ್ಕೆಂದರು, ಬೆಂಚಿನ ಮೇಲೆ ಕುಳಿತ ಕುಡುಕರು ಸಿಳ್ಳೆ ಹಾಕಿದರು. ಕಾಕಾನ ಹೆಂಡತಿ ಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ಕುಳಿತಿದ್ದಳಂತೆ. ನಾನು ಜಗಳ ತೆಗೆದೆ. ಯಾರು ನೋಡಲು ಬರುತ್ತಾರೆ, ಹೆಣ್ಣಿನ ತಂದೆಯಂತೂ ಏನೂ ಕೇಳಿಲ್ಲ, ಟೊಪ್ಪಿಗೆ ಹಾಕಿಕೊಳ್ಳಿ, ಬಿಸಿಲಿಗೆ ಸಾಯುತ್ತೀರಿ ಎಂದೆ. ಜಿಮ್ಮೇದಾರಿ ಅಂದ್ರ ಜಿಮ್ಮೇದಾರಿ ತಂಗಿ ಎಂದು ಹತ್ತಿ ಉಂಡೆ ಮಾಡತೊಡಗಿದರು.

ದಿನ ಬಿಟ್ಟು ದಿನ ಆ ಮನುಷ್ಯ ಪಟ್ಟಿ ಬದಲಿಸಲು ಬರಬೇಕಿತ್ತು. ಬಂದು ಕಾಕಾನ ಎದುರು ಕುಳಿತರೆ ಅವನ ಕಣ್ಣಿನ ಸರಿಸಮಕ್ಕೆ ಆ ಬೋಳು ಜಾಗ. ಕಾಕಾ ಬುದ್ಧಿ ಹೇಳಲಿಲ್ಲ. ಹೊಲಿಗೆ ಬಿಚ್ಚಿ, ಹೋಗಿ ಬರ್ರಿ ಎಂದರು.

ಅಂದೇ ಅವನು ಕುಡಿತ ಬಿಟ್ಟ ಎಂದು ಬರೆದರೆ ನನ್ನಂಥ ಸುಳ್ಳಿ ಇನ್ನೊಬ್ಬಳಿಲ್ಲ. ಮುಂದಿನ ವರ್ಷ ಮೊಣಕೈ ಮುರಿದುಕೊಂಡು ಬಂದ, ಕಾಕಾ ಮತ್ತೆ ಬೋಳಿಸಿಕೊಂಡರು. ಅದರ ಮರುವರ್ಷ ಗದ್ದ ಒಡೆದುಕೊಂಡು ಬಂದ, ಮತ್ತೆ ಬೋಳಿಸಿಕೊಂಡರು. ಕಾಕಾ ನಿವೃತ್ತಿಯಾಗುವ ವರ್ಷ ಒಂದು ದಿನ ಅವನು ದವಾಖಾನೆಯ ಗೇಟಿನ ಹತ್ತಿರ ನಿಂತಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಅಂಗೈಗೆ ಟವೆಲ್ಲು ಸುತ್ತಿತ್ತು, ರಕ್ತ ಒಸರುತ್ತಿತ್ತು. ಒಳಗೆ ಕಾಕಾ ಕುಳಿತದ್ದು ಅವನಿಗೆ ಕಾಣುತ್ತಿತ್ತು. ಬಹಳ ಹೊತ್ತು ನಿಂತು, ಒಳಗೆ ಬಾರದೆ ತಿರುಗಿ ಹೋದ. ನಾನು ಕಾಕಾಗೆ ಹೇಳಲಿಲ್ಲ. ಆ ಮೇಲೆ ಅವನು ಕ್ಯಾಶುವಾಲ್ಟಿಗೆ ಬರಲೇ ಇಲ್ಲ. ಬೇರೆ ದವಾಖಾನೆ ಹುಡುಕಿಕೊಂಡನೋ, ಬಿಟ್ಟೇ ಬಿಟ್ಟನೋ, ನನಗೆ ತಿಳಿಯಲಿಲ್ಲ.

ಅವನೇ ಹೋದ ವಾರ ನನ್ನ ಬಾಗಿಲಿಗೆ ಬಂದವನು.

ಒಳಗೆ ಕರೆದು ನೀರು ಕೊಟ್ಟೆ, ಚಹಾ ಕೊಟ್ಟೆ. ಕಾಕಾ ಮಲಗಿದಲ್ಲೇ ಹೋದರಂತೆ, ನರಳಲಿಲ್ಲವಂತೆ. ಸರಾಯಿ ಪಾಕೀಟು ಸರ್ಕಾರವೇ ಬಂದ್ ಮಾಡಿದ ಸುದ್ದಿ ಕೇಳಿ, ಇನ್ನು ನನ್ನ ಮೂಗಿಗೆ ಕೆಲಸಿಲ್ಲ ಎಂದು ನಕ್ಕಿದ್ದರಂತೆ. ಮಣ್ಣು ಮಾಡುವಾಗ ಕಮಲಾಪುರದ ಜನವೆಲ್ಲ ಬಂದಿದ್ದರಂತೆ. ಅವನು ಹೇಳುತ್ತ ಹೋದ, ನಾನು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕೇಳಿದೆ. ಆದರೂ ನನ್ನ ಹಾಳು ಬುದ್ಧಿ, ಅವನ ಕಿವಿಯ ಮೇಲಿಂದ ಕಣ್ಣು ಕೀಳಲಿಲ್ಲ. ಕೊನೆಗೆ ಕೇಳಿಯೇ ಬಿಟ್ಟೆ, ಮತ್ತೆ ಇದು ಏನು, ಕಾಕಾ ಇಲ್ಲದ ಮೇಲೆ ಯಾರು ಬೋಳಿಸಿದರು ಎಂದು.

“ನಾ ಕುಡಿಯೂದು ಬಿಟ್ಟು ಹನ್ನೊಂದು ವರ್ಷ ಆತ್ರಿ ಸಿಸ್ಟರ್,” ಎಂದ. “ನಮ್ಮಾಗ ಸತ್ತವರ ಸಲುವಾಗಿ ತಲಿ ಬೋಳಿಸಂಗಿಲ್ಲ. ಆದ್ರ ಅವರು ನನ್ನ ಸಲುವಾಗಿ ಮೂರು ಸಲ ಬೋಳಿಸಿಕೊಂಡಾರ. ನಾ ಒಂದ್ ಸಲ.”

ಆಗ ಸರಿಯಾಗಿ ನೋಡಿದೆ. ಬೋಳಿಸಿದ್ದು ಬಲಗಿವಿಯ ಮೇಲೆ.

ಮುಖ ನೋಡುವ ಮೊದಲೇ ಗುರುತು ನೋಡಿ ತೀರ್ಪು ಕೊಟ್ಟಿದ್ದೆ. ಕಾಕಾಗೆ ಎಷ್ಟು ಸಲ ಯಾವ ತಪ್ಪಿಗೆ ಪಾಠ ಹೇಳಿದ್ದೆನೋ, ಅದೇ ತಪ್ಪು. ತಪ್ಪಾಯಿತಪ್ಪಾ ಎಂದೆ. ಅವನು ಕೈ ಮುಗಿದು ಬಾಳೆಹಣ್ಣಿನ ಚೀಲ ಇಟ್ಟು ಎದ್ದ. ಎದುರು ಮನೆಯಾಕೆ ಕಟ್ಟೆಯ ಮೇಲೆ ಕುಳಿತು ಅವನ ತಲೆಯನ್ನೇ ನೋಡುತ್ತಿದ್ದಳು. ಅವನು ಓಣಿಗೆ ಇಳಿದ ಕೂಡಲೇ, ಯಾರ್ರೀ ಅವ, ಹಗಲೇ ಕುಡಿದು ಬಂದಿದ್ದನೇನು ಎಂದು ಕೇಳಿದಳು. ಹೊರಗೆ ಬಿಸಿಲು ರಣಗುಡುತ್ತಿತ್ತು. ತಲೆಗೆ ಟವೆಲ್ಲಾದರೂ ಹಾಕಿಕೊಳ್ಳೋ ಎಂದು ಕೂಗಿದೆ. ಅವನಿಗೆ ಇಬ್ಬರ ಮಾತೂ ಕೇಳಿಸಿತು. ಟವೆಲ್ಲನ್ನು ಹೆಗಲ ಮೇಲೆಯೇ ಸರಿಮಾಡಿಕೊಂಡು, ಬಸ್‌ಸ್ಟ್ಯಾಂಡಿನವರೆಗೂ ಬರಿತಲೆಯಲ್ಲೇ ನಡೆದುಹೋದ.